ಗೊಬ್ಬರದ ಅಂಗಡಿಗೆ ಹೋಗುವ ಮುನ್ನ

(ಮುಂಗಾರು ಪೂರ್ವ ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಭರಣಿ ಮಳೆ ಒಂದೆರಡು ಹದ ಕೊಟ್ಟಿದೆ. ಮಾಗಿ ಉಳುಮೆ ಮಾಡಿದವರು ಎರಡನೆಯ ಸಾಲಿಗೆ ಎತ್ತು ಹೂಡಿದ್ದೀರಿ, ಇಲ್ಲವೆ ಟ್ರ್ಯಾಕ್ಟರಿನವರಿಗೆ ಹೇಳಿಟ್ಟಿದ್ದೀರಿ. ಇನ್ನು ಮೂರು ನಾಲ್ಕು ವಾರದೊಳಗೆ ನಿಮ್ಮಲ್ಲಿ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಗೊಬ್ಬರದ ಅಂಗಡಿಯ ಮೆಟ್ಟಿಲು ಹತ್ತುವವರೇ. ವಿಶ್ವವಿದ್ಯಾನಿಲಯದವರಾದ ನಾವು ಬಂದಾಗಲೆಲ್ಲ ತಳಿ, ಸಾಲಿನ ಅಂತರ, ಸಸ್ಯಸಂರಕ್ಷಣೆ ಎಂದು ಮಾತನಾಡುತ್ತೇವೆ. ಗಲ್ಲಾಪೆಟ್ಟಿಗೆಯ ಮುಂದೆ ನೀವು ನಿಲ್ಲುವ ಆ ಹತ್ತು ನಿಮಿಷದ ಬಗ್ಗೆ ನಾವು ಹೇಳುವುದು ಕಡಿಮೆ. ಬೀಜ, ಗೊಬ್ಬರ, ಔಷಧಿಗಳಿಗೆಂದು ನೀವು ಕೂಡಿಟ್ಟ ಅಥವಾ ಸಾಲ ತಂದ ಹಣ ಕೈಬಿಟ್ಟು ಹೋಗುವುದು ಆ ಹತ್ತು ನಿಮಿಷದಲ್ಲಿಯೇ. ಆದುದರಿಂದ ಇಂದು ಅಂಗಡಿಯನ್ನೇ ವಿಷಯವಾಗಿ ತೆಗೆದುಕೊಂಡಿದ್ದೇನೆ.

ಇತ್ತೀಚಿನ ವರ್ಷಗಳಲ್ಲಿ ನಿಮ್ಮ ಅಂಗಡಿಯ ಮೇಲೆ ಒಂದು ಹೊಸ ಬೋರ್ಡು ಬಂದಿರುವುದನ್ನು ನೀವು ನೋಡಿರಬೇಕು: ‘ಪ್ರಧಾನಮಂತ್ರಿ ಕಿಸಾನ್ ಸಮೃದ್ಧಿ ಕೇಂದ್ರ’. 2022ರ ಅಕ್ಟೋಬರ್ 17ರಂದು ದೆಹಲಿಯಲ್ಲಿ ಇಂತಹ 600 ಕೇಂದ್ರಗಳಿಗೆ ಚಾಲನೆ ಕೊಟ್ಟರು. ಮರುವರ್ಷ ಜುಲೈ 27ರಂದು ರಾಜಸ್ಥಾನದ ಸೀಕರ್‌ನಲ್ಲಿ 1.25 ಲಕ್ಷ ಕೇಂದ್ರಗಳನ್ನು ರೈತರಿಗೆ ಅರ್ಪಿಸಲಾಯಿತು. ದೇಶದಲ್ಲಿದ್ದ ಮೂರು ಲಕ್ಷಕ್ಕೂ ಮೀರಿದ ಗೊಬ್ಬರದ ಚಿಲ್ಲರೆ ಅಂಗಡಿಗಳನ್ನೆಲ್ಲ ಹಂತ ಹಂತವಾಗಿ ಈ ಕೇಂದ್ರಗಳನ್ನಾಗಿ ಮಾರ್ಪಡಿಸುವುದು ಯೋಜನೆ. ಇಷ್ಟು ದೊಡ್ಡ ಅಂಗಡಿಗಳ ಸಾಲು, ಒಂದೇ ಹೆಸರು, ಒಂದೇ ಬಣ್ಣದ ಬೋರ್ಡು, ನಮ್ಮ ದೇಶದಲ್ಲಿ ರೈತನಿಗೆಂದು ಹಿಂದೆ ಇರಲಿಲ್ಲ. ಆದರೆ ಒಂದು ಮಾತು ತಿಳಿದಿರಲಿ. ಬೋರ್ಡು ಬದಲಾಗಿದೆ, ಮಾಲೀಕರು ಅವರೇ. ಕೆಲವು ಕಡೆ ಗೊಬ್ಬರ ಕಂಪನಿಯ ಸ್ವಂತ ಮಳಿಗೆ, ಕೆಲವು ಕಡೆ ಸಹಕಾರ ಸಂಘ, ಬಹಳ ಕಡೆ ನಿಮಗೆ ಹತ್ತಾರು ವರ್ಷಗಳಿಂದ ಗೊತ್ತಿರುವ ಸಾಹುಕಾರರು. ಇದು ಸರ್ಕಾರದ ಅಂಗಡಿ, ಇಲ್ಲಿ ಕೊಟ್ಟದ್ದೆಲ್ಲ ಸರಿ ಎಂದು ಕಣ್ಣು ಮುಚ್ಚಿ ತರುವುದಕ್ಕಿಲ್ಲ. ಹೋಬಳಿಯಲ್ಲಿರುವ ರೈತ ಸಂಪರ್ಕ ಕೇಂದ್ರ ಬೇರೆ, ಇದು ಬೇರೆ. ಅಲ್ಲಿ ಕುಳಿತಿರುವವರು ಕೃಷಿ ಇಲಾಖೆಯ ಅಧಿಕಾರಿ; ಇಲ್ಲಿ ಕುಳಿತಿರುವವರು ವ್ಯಾಪಾರಿ. ವ್ಯಾಪಾರ ಕೆಟ್ಟದ್ದೆಂದು ನನ್ನ ಅಭಿಪ್ರಾಯವಲ್ಲ. ವ್ಯಾಪಾರಿಯ ಹತ್ತಿರ ವ್ಯಾಪಾರದ ಎಚ್ಚರಿಕೆ ಬೇಕು, ಅಷ್ಟೆ.

ಒಂದೇ ಸೂರಿನಡಿ ರೈತನಿಗೆ ಬೇಕಾದುದೆಲ್ಲ ಸಿಗಬೇಕೆಂಬ ಆಲೋಚನೆ ಹೊಸದಲ್ಲ. ಈ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ದೊಡ್ಡ ಕಂಪನಿಗಳು ಹಳ್ಳಿಗಾಡಿನಲ್ಲಿ ಇಂತಹ ಮಳಿಗೆಗಳನ್ನು ತೆರೆದವು. ಉತ್ತರ ಭಾರತದಲ್ಲಿ ‘ಹರಿಯಾಲಿ ಕಿಸಾನ್ ಬಜಾರ್’, ಮಧ್ಯಪ್ರದೇಶದ ಸೀಹೋರಿನಿಂದ ಆರಂಭವಾದ ‘ಚೌಪಾಲ್ ಸಾಗರ್’ ಮೊದಲಾದವು ಆಗ ಹೆಸರು ಮಾಡಿದ್ದವು. ಬೀಜದಿಂದ ಹಿಡಿದು ಬಟ್ಟೆಬರೆಯವರೆಗೆ ಮಾರಿದರು, ಕೃಷಿ ಪದವೀಧರರನ್ನು ಸಲಹೆಗೆ ಕೂರಿಸಿದರು. ಹರಿಯಾಲಿಯಂಥದು ಹತ್ತು ಹನ್ನೊಂದು ವರ್ಷ ನಡೆದು ಬಾಗಿಲು ಹಾಕಿತು. ಸಲಹೆ ಕೊಡುವವನ ಸಂಬಳ ಯಾರು ಕೊಡಬೇಕು ಎಂಬ ಪ್ರಶ್ನೆ ಆಗಲೂ ಇತ್ತು, ಈಗಲೂ ಇದೆ. ಸಲಹೆ ಪುಕ್ಕಟೆಯಾಗಿ ಸಿಕ್ಕಿದಲ್ಲಿ ಅದರ ಬೆಲೆ ಯಾವ ಬಾಟಲಿಯಲ್ಲಿ ಸೇರಿದೆ ಎಂದು ನೋಡಬೇಕಾಗುತ್ತದೆ.

ಸರಿ, ಅಂಗಡಿಗೆ ಬರೋಣ. ಒಳಗೆ ಕಾಲಿಡುವ ಮೊದಲು ಗೋಡೆ ನೋಡಿ. ಯಾವ ಗೊಬ್ಬರ ಎಷ್ಟು ದಾಸ್ತಾನಿದೆ, ಚೀಲಕ್ಕೆ ಬೆಲೆ ಎಷ್ಟು ಎಂಬುದನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕೆಂಬುದು 1985ರ ರಸಗೊಬ್ಬರ ನಿಯಂತ್ರಣ ಆದೇಶದ ನಿಯಮ. ಬೀಜಕ್ಕೂ 1983ರ ಆದೇಶದಲ್ಲಿ ಇದೇ ನಿಯಮವಿದೆ. ಹಲಗೆಯ ಮೇಲೆ ಯೂರಿಯಾ ಇದೆ ಎಂದು ಬರೆದಿದ್ದು ಬಾಯಲ್ಲಿ ‘ಸ್ಟಾಕಿಲ್ಲ’ ಎಂದರೆ ಕೇಳುವ ಹಕ್ಕು ನಿಮಗಿದೆ. ಹಲಗೆಯೇ ಇಲ್ಲದಿದ್ದರೆ ಅದನ್ನೂ ಕೇಳಬಹುದು.

ಬೆಲೆಯ ವಿಚಾರ. 2025ರಲ್ಲಿ 45 ಕಿಲೋ ಬೇವು ಲೇಪಿತ ಯೂರಿಯಾ ಚೀಲದ ದರ ಲೇಪನದ ಖರ್ಚು, ತೆರಿಗೆ ಸೇರಿ ರೂ. 266.50 ಇತ್ತು. 50 ಕಿಲೋ ಡಿ.ಎ.ಪಿ. ಚೀಲಕ್ಕೆ ರೂ. 1,350. ಚೀಲದ ಮೇಲೆ ಅಚ್ಚಾದ ಗರಿಷ್ಠ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ತಪ್ಪು. ಯೂರಿಯಾ ಚೀಲ 50 ಕಿಲೋ ಇದ್ದದ್ದು 2018ರಿಂದ 45 ಕಿಲೋ ಆಯಿತು. ‘ಎಕರೆಗೆ ಒಂದು ಚೀಲ’ ಎಂದು ತಂದೆಯ ಕಾಲದಿಂದ ಲೆಕ್ಕ ಹಾಕುತ್ತಿರುವವರು ಇದನ್ನು ಗಮನಿಸಿಲ್ಲ. ಯೂರಿಯಾದಲ್ಲಿ ಸಾರಜನಕ ಶೇ. 46. ಹಳೆಯ ಚೀಲದಲ್ಲಿ 23 ಕಿಲೋ ಸಾರಜನಕ ಬರುತ್ತಿತ್ತು, ಈಗಿನ ಚೀಲದಲ್ಲಿ 20.7 ಕಿಲೋ. ಇಷ್ಟರಿಂದ ಬೆಳೆ ಹಾಳಾಗದು, ಬೇವಿನ ಲೇಪನದಿಂದ ಸಾರಜನಕ ನಿಧಾನವಾಗಿ ಬಿಡುಗಡೆಯಾಗುವುದರಿಂದ ನಷ್ಟವೂ ಕಡಿಮೆ. ಆದರೂ ಗೊಬ್ಬರವನ್ನು ಚೀಲದಲ್ಲಿ ಎಣಿಸದೆ ಕಿಲೋದಲ್ಲಿ ಎಣಿಸುವುದನ್ನು ಕಲಿಯಿರಿ.

ಈಗ ಚೀಲಗಳೆಲ್ಲ ಒಂದೇ ತರಹ ಕಾಣುತ್ತವೆ. ‘ಭಾರತ್ ಯೂರಿಯಾ’, ‘ಭಾರತ್ ಡಿ.ಎ.ಪಿ.’ ಎಂದು ದೊಡ್ಡದಾಗಿ, ತಯಾರಿಸಿದ ಕಂಪನಿಯ ಹೆಸರು ಕೆಳಗೆ ಚಿಕ್ಕದಾಗಿ. ‘ನನಗೆ ಇಂಥ ಕಂಪನಿಯದೇ ಬೇಕು’ ಎಂದು ಮೂರು ಅಂಗಡಿ ಅಲೆಯುವವರು, ಅದಕ್ಕಾಗಿ ಇಪ್ಪತ್ತು ಮೂವತ್ತು ರೂಪಾಯಿ ಹೆಚ್ಚು ಕೊಡುವವರು ನಮ್ಮಲ್ಲಿ ಇದ್ದಾರೆ. ಯಾವ ಕಂಪನಿಯ ಡಿ.ಎ.ಪಿ. ಆದರೂ ಅದರಲ್ಲಿ ಶೇ. 18 ಸಾರಜನಕ, ಶೇ. 46 ರಂಜಕ ಇರಲೇಬೇಕು. ಕಾಳಿನ ಬಣ್ಣ ಕಂದೋ ಕಪ್ಪೋ ಎಂಬುದರಿಂದ ಪೈರಿಗೆ ವ್ಯತ್ಯಾಸವಿಲ್ಲ.

ಹಣ ಕೊಡುವಾಗ ನಿಮ್ಮ ಬೆರಳನ್ನು ಪಿ.ಓ.ಎಸ್. ಯಂತ್ರದ ಮೇಲೆ ಒತ್ತಿಸಿಕೊಳ್ಳುತ್ತಾರೆ. ಏತಕ್ಕೆ ಎಂದು ಬಹಳ ಮಂದಿಗೆ ಗೊತ್ತಿಲ್ಲ. ಸಬ್ಸಿಡಿ ಹಣ ಸಿಗುವುದು ಗೊಬ್ಬರ ಕಂಪನಿಗೆ. 2018ರಿಂದ ದೇಶದಾದ್ಯಂತ ಬಂದ ಕ್ರಮವೆಂದರೆ, ಗೊಬ್ಬರ ರೈತನ ಕೈಸೇರಿ ಆ ಯಂತ್ರದಲ್ಲಿ ದಾಖಲಾದ ಮೇಲೆಯೇ ಕಂಪನಿಗೆ ಆ ಹಣ. ಯೂರಿಯಾ ವಿಷಯದಲ್ಲಿ ಸರ್ಕಾರ ಭರಿಸುವ ಮೊತ್ತ ನೀವು ಕೊಡುವುದರ ಹಲವು ಪಟ್ಟು. ಎಂದರೆ ನಿಮ್ಮ ಬೆರಳಿನ ಗುರುತು ಒಂದು ಚೆಕ್ಕಿನ ಮೇಲಿನ ರುಜುವಿದ್ದಂತೆ. ಎರಡು ಚೀಲ ತಂದ ನಿಮ್ಮ ಹೆಸರಿನಲ್ಲಿ ಹತ್ತು ಚೀಲ ದಾಖಲಾದರೆ, ಉಳಿದ ಎಂಟು ಚೀಲ ಪ್ಲೈವುಡ್ಡಿನ ಗೋಂದಿಗೋ ಬೇರೆ ಕಾರ್ಖಾನೆಗೋ ಹೋಗಿರಬಹುದು. ಊರಿನಲ್ಲಿ ಯೂರಿಯಾ ಅಭಾವವೆಂದು ಆಮೇಲೆ ನಾವೇ ಸಾಲಿನಲ್ಲಿ ನಿಲ್ಲುತ್ತೇವೆ. ಯಂತ್ರದಿಂದ ಬರುವ ಚೀಟಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ಚೀಲದ ಸಂಖ್ಯೆ, ನೀವು ಕೊಡಬೇಕಾದ ಹಣ ಎಲ್ಲ ಇರುತ್ತದೆ. ಓದಲು ಬಾರದವರು ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ಯಿರಿ.

ಇನ್ನು ‘ಲಿಂಕ್’. ಈ ಮಾತು ಹೇಳಿದೊಡನೆ ಹಿಂದಿನ ಸಾಲಿನಲ್ಲಿ ನಗು ಕೇಳಿಸಿತು. ಎಲ್ಲರಿಗೂ ಅನುಭವವಾಗಿದೆ ಎಂದಾಯಿತು. ಯೂರಿಯಾ ಬೇಕಾದರೆ ಜೊತೆಗೆ ಒಂದು ಬಾಟಲಿ ದ್ರವ ಗೊಬ್ಬರ, ಇಲ್ಲವೆ ಒಂದು ಪೊಟ್ಟಣ ಲಘು ಪೋಷಕಾಂಶ ಕೊಳ್ಳಲೇಬೇಕೆನ್ನುವುದು. ಸಬ್ಸಿಡಿ ಗೊಬ್ಬರದ ಜೊತೆ ಬೇರೊಂದನ್ನು ಕಟ್ಟಿ ಮಾರಬಾರದೆಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಮತ್ತೆ ಮತ್ತೆ ಬರೆದಿದೆ. ಅಂಗಡಿಯವರನ್ನು ಕೇಳಿದರೆ, ಮೇಲಿನಿಂದ ಕಂಪನಿಯವರು ನಮಗೇ ಕಟ್ಟಿ ಕಳುಹಿಸುತ್ತಾರೆ, ನಾವೇನು ಮಾಡೋಣ ಎನ್ನುತ್ತಾರೆ. ಅದರಲ್ಲಿ ನಿಜವೂ ಇದೆ. ಆದರೆ ಆ ಭಾರ ಕೊನೆಗೆ ಬೀಳುವುದು ನಿಮ್ಮ ಜೇಬಿನ ಮೇಲೆ. ಬೇಡದ ವಸ್ತುವನ್ನು ಕೊಳ್ಳಲೇಬೇಕಾಗಿ ಬಂದರೆ ಅದನ್ನೂ ಬಿಲ್ಲಿನಲ್ಲಿ ಬರೆಸಿ. ಬರೆಯುವುದಕ್ಕೆ ಅವರು ಹಿಂದೆ ಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ.

ನ್ಯಾನೋ ಯೂರಿಯಾ ಬಗ್ಗೆ ಪ್ರತಿ ಸಭೆಯಲ್ಲಿಯೂ ಕೇಳುತ್ತಾರೆ. 2021ರಲ್ಲಿ ಮಾರುಕಟ್ಟೆಗೆ ಬಂದ ಅರ್ಧ ಲೀಟರ್ ಬಾಟಲಿಯಲ್ಲಿ ಸಾರಜನಕ ಶೇ. 4, ಅಂದರೆ 20 ಗ್ರಾಂ. ಚೀಲದಲ್ಲಿರುವುದು 20.7 ಕಿಲೋ. ಎಲೆಯ ಮೇಲೆ ಸಿಂಪಡಿಸಿದ್ದು ಮಣ್ಣಿಗೆ ಹಾಕಿದ್ದಕ್ಕಿಂತ ಹೆಚ್ಚು ಉಪಯೋಗವಾಗುತ್ತದೆಂಬುದನ್ನು ಒಪ್ಪಿದರೂ, ಒಂದು ಬಾಟಲಿ ಒಂದು ಚೀಲಕ್ಕೆ ಸಮ ಎಂಬ ಮಾತನ್ನು ನನ್ನಿಂದ ಒಪ್ಪಲಾಗಿಲ್ಲ. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾನಿಲಯದ ಪ್ರಯೋಗಗಳಲ್ಲಿ, ಹರಳು ಯೂರಿಯಾ ಕಡಿಮೆ ಮಾಡಿ ಇದನ್ನು ಸಿಂಪಡಿಸಿದಾಗ ಭತ್ತ, ಗೋಧಿ ಎರಡರಲ್ಲಿಯೂ ಇಳುವರಿ ಇಳಿಯಿತು. ಶಿಫಾರಸು ಗೊಬ್ಬರ ಪೂರ್ತಿ ಹಾಕಿ, ಮೇಲೆ ಇದನ್ನೂ ಸಿಂಪಡಿಸಿ ನೋಡುತ್ತೇನೆ ಎನ್ನುವವರು ಹೊಲದ ಒಂದು ಮೂಲೆಯಲ್ಲಿ ಮಾಡಿ ನೋಡಲಿ. ಪಕ್ಕದಲ್ಲಿ ಸಿಂಪಡಿಸದ ನಾಲ್ಕು ಸಾಲು ಬಿಟ್ಟಿರಲಿ.

ಡಿ.ಎ.ಪಿ. ಇಲ್ಲವೆಂದು ಬಿತ್ತನೆ ನಿಲ್ಲಿಸುವವರಿಗೆ ಎರಡು ಮಾತು. ಮುಂಗಾರಿನ ಹೊತ್ತಿಗೆ ಡಿ.ಎ.ಪಿ. ಗೆ ನೂಕುನುಗ್ಗಲು ಬಹುತೇಕ ವರ್ಷಗಳಲ್ಲಿ ಇದ್ದದ್ದೇ; ನಮ್ಮ ಡಿ.ಎ.ಪಿ. ಯ ದೊಡ್ಡ ಪಾಲು ಹೊರದೇಶದಿಂದ ಬರಬೇಕು. ನೆಲಗಡಲೆಯ ಲೆಕ್ಕವನ್ನೇ ಮಾಡೋಣ. ಮಳೆಯಾಶ್ರಯದ ನೆಲಗಡಲೆಗೆ ಹೆಕ್ಟೇರಿಗೆ 25 ಕಿಲೋ ಸಾರಜನಕ, 50 ಕಿಲೋ ರಂಜಕ, 25 ಕಿಲೋ ಪೊಟ್ಯಾಷ್ ಶಿಫಾರಸು. ಎಕರೆಗೆ 10, 20, 10 ಎಂದುಕೊಳ್ಳಿ. ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ರಂಜಕ ಶೇ. 16. ಇಪ್ಪತ್ತು ಕಿಲೋ ರಂಜಕಕ್ಕೆ 125 ಕಿಲೋ, ಅಂದರೆ ಎರಡೂವರೆ ಚೀಲ ಬೇಕು. ಹತ್ತು ಕಿಲೋ ಸಾರಜನಕಕ್ಕೆ ಅರ್ಧ ಚೀಲ ಯೂರಿಯಾ. ಹತ್ತು ಕಿಲೋ ಪೊಟ್ಯಾಷಿಗೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ 17 ಕಿಲೋ. ಮುಗಿಯಿತು, ಡಿ.ಎ.ಪಿ. ಯ ಹಂಗಿಲ್ಲ. ಇದಲ್ಲದೆ ಸೂಪರ್ ಫಾಸ್ಫೇಟಿನಲ್ಲಿ ಶೇ. 11ರಷ್ಟು ಗಂಧಕವಿದೆ, ಸುಣ್ಣದ ಅಂಶವಿದೆ. ಆ ಎರಡೂವರೆ ಚೀಲದಲ್ಲಿ ಹದಿಮೂರು ಕಿಲೋಗೂ ಮೀರಿ ಗಂಧಕ ನೆಲಕ್ಕೆ ಸೇರುತ್ತದೆ. ನೆಲಗಡಲೆಗೆ ಕಾಯಿ ಗಟ್ಟಿಯಾಗುವುದಕ್ಕೆ ಸುಣ್ಣ ಬೇಕು, ಎಣ್ಣೆಗೆ ಗಂಧಕ ಬೇಕು. ಡಿ.ಎ.ಪಿ. ಯಲ್ಲಿ ಇವೆರಡೂ ಇಲ್ಲ. ಹಾಗಿದ್ದೂ ನಮ್ಮ ನೆಲಗಡಲೆ ಸೀಮೆಯಲ್ಲಿಯೇ ಡಿ.ಎ.ಪಿ. ಗೆ ಇಷ್ಟು ಮೋಹ! ಹೊರುವುದು, ಸಾಗಿಸುವುದು ಸುಲಭ ಎಂಬುದು ಒಂದು ಕಾರಣ. ಎರಡೂವರೆ ಚೀಲದ ಬದಲು ಒಂದು ಚೀಲ. ಅದು ಸಣ್ಣ ಕಾರಣವಲ್ಲ, ಬಲ್ಲೆ. ಆದರೆ ಸಾಲಿನಲ್ಲಿ ಮೂರು ದಿನ ನಿಂತು ಹದ ಕಳೆದುಕೊಳ್ಳುವುದರ ಮುಂದೆ ಎರಡು ಚೀಲ ಹೆಚ್ಚು ಹೊರುವುದು ಹಗುರ. ಬೇರೆ ಬೆಳೆಗಳಿಗೂ ಒಂದು ಚೀಲ ಡಿ.ಎ.ಪಿ. ಬದಲಿಗೆ ಮೂರು ಚೀಲ ಸೂಪರ್ ಫಾಸ್ಫೇಟ್, 20 ಕಿಲೋ ಯೂರಿಯಾ ಎಂದು ಸ್ಥೂಲವಾಗಿ ನೆನಪಿಡಬಹುದು.

ತಂದ ಗೊಬ್ಬರ ಅಸಲಿಯೇ ಎಂಬ ಅನುಮಾನ ಬಂದರೆ ಅಡುಗೆಮನೆಯಲ್ಲಿಯೇ ಸ್ವಲ್ಪ ಮಟ್ಟಿಗೆ ನೋಡಬಹುದು. ಯೂರಿಯಾ ಒಂದು ಚಮಚ ನೀರಿಗೆ ಹಾಕಿದರೆ ಪೂರ್ತಿ ಕರಗಬೇಕು, ಲೋಟ ಮುಟ್ಟಿದರೆ ತಣ್ಣಗೆ ಹತ್ತಬೇಕು. ಕಾದ ಹಂಚಿನ ಮೇಲೆ ಹಾಕಿದರೆ ಕರಗಿ ಹೋಗಬೇಕು, ಏನೂ ಉಳಿಯಬಾರದು. ಡಿ.ಎ.ಪಿ. ಕಾಳನ್ನು ಅಂಗೈಯಲ್ಲಿಟ್ಟು ವೀಳ್ಯಕ್ಕೆ ಹಚ್ಚುವ ಸುಣ್ಣ ಸೇರಿಸಿ ತಿಕ್ಕಿದರೆ ಮೂಗಿಗೆ ಬಡಿಯುವ ಘಾಟು ಬರಬೇಕು. ಸಣ್ಣ ಉರಿಯಲ್ಲಿ ಹಂಚಿನ ಮೇಲೆ ಕಾಳು ಉಬ್ಬಬೇಕು. ಸೂಪರ್ ಫಾಸ್ಫೇಟ್ ಕಾಳು ಉಬ್ಬುವುದಿಲ್ಲ. ಡಿ.ಎ.ಪಿ. ಚೀಲದಲ್ಲಿ ಸೂಪರ್ ತುಂಬಿ ಮಾರುವ ಮೋಸ ಇದರಲ್ಲಿ ಸಿಕ್ಕಿಬೀಳುತ್ತದೆ. ಹಂಚು ಅಡುಗೆಗೆ ಬಳಸದ್ದಾಗಿರಲಿ, ಮಕ್ಕಳು ಹತ್ತಿರವಿರಬಾರದು. ಇವು ಅನುಮಾನಕ್ಕೆ ಮಾತ್ರ. ಸಾಕ್ಷಿಯಾಗಿ ನಿಲ್ಲುವುದು ರಸಗೊಬ್ಬರ ಪರಿವೀಕ್ಷಕರು ಕ್ರಮದಂತೆ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿದ ಮಾದರಿ. ಅದಕ್ಕೆ ಮೊದಲು ಚೀಲ ಪೂರ್ತಿ ಚೆಲ್ಲಿಬಿಡಬೇಡಿ.

ಬೀಜದ ಮಾತು ಇದಕ್ಕಿಂತ ಗಂಭೀರ. ಗೊಬ್ಬರ ಕಳಪೆಯಾದರೆ ಇಳುವರಿ ಇಳಿಯುತ್ತದೆ, ಬೀಜ ಕಳಪೆಯಾದರೆ ಆ ವರ್ಷವೇ ಹೋಯಿತು.

ಹಿಂದೊಮ್ಮೆ ನಮ್ಮ ಕೇಂದ್ರಕ್ಕೆ ಒಬ್ಬ ರೈತರು ಮುಸುಕಿನ ಜೋಳದ ಬೀಜದ ಖಾಲಿ ಚೀಲ ಹಿಡಿದು ಬಂದರು. ಮೂರು ಎಕರೆ ಬಿತ್ತಿದ್ದರು. ಸಾಲಿನಲ್ಲಿ ನಾಲ್ಕು ಗುಣಿಗೆ ಒಂದು ಮೊಳಕೆ. ಮಳೆ ಸರಿಯಾಗಿತ್ತು, ಪಕ್ಕದ ಹೊಲದಲ್ಲಿ ಪೈರು ಮೊಣಕಾಲು ಮುಟ್ಟಿತ್ತು. ಬಿಲ್ಲು ಎಲ್ಲಿ ಎಂದು ಕೇಳಿದೆವು. ಜೇಬಿನಿಂದ ಒಂದು ಬಿಳಿಯ ಚೀಟಿ ತೆಗೆದರು. ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಮೊತ್ತ, ಕೆಳಗೆ ಒಂದು ಗೆರೆ; ಬೇರೇನೂ ಇಲ್ಲ. ಅಂಗಡಿಯ ಹೆಸರಿಲ್ಲ, ತಾರೀಖಿಲ್ಲ, ಲಾಟ್ ಸಂಖ್ಯೆಯಿಲ್ಲ. ಚೀಲಕ್ಕೆ ಹೊಲಿದಿದ್ದ ಟ್ಯಾಗನ್ನು ಬಿತ್ತುವ ದಿನವೇ ಕಿತ್ತೆಸೆದಿದ್ದರು. ಆ ಚೀಲ ನಮ್ಮಲ್ಲಿ ಮಾರಿದ್ದಲ್ಲ ಎಂದು ಅಂಗಡಿಯವರು ಹೇಳಿದರು. ಹಾಗಲ್ಲ ಎನ್ನುವುದಕ್ಕೆ ಆ ರೈತರ ಕೈಯಲ್ಲಿ ಏನಿತ್ತು? ಉದ್ರಿ ತಂದಿದ್ದರು, ಅದಕ್ಕೇ ಬಿಲ್ಲು ಕೇಳಲಿಲ್ಲವಂತೆ. ಕೇಳಿದರೆ ‘ನಂಬಿಕೆ ಇಲ್ಲವೇ?’ ಎಂದುಬಿಟ್ಟಾರೆಂಬ ಸಂಕೋಚ. ಮುಂದೆ ಆ ಸಾಲವನ್ನು ಬಡ್ಡಿ ಸಮೇತ ಅದೇ ಅಂಗಡಿಗೆ ಕಟ್ಟಿದರು.

ಆದುದರಿಂದ ಬೀಜ ಕೊಳ್ಳುವಾಗ ಟ್ಯಾಗು ನೋಡಿ. ಪ್ರಮಾಣಿತ ಬೀಜಕ್ಕೆ ನೀಲಿ ಬಣ್ಣದ ಟ್ಯಾಗು, ಮೂಲ ಬೀಜಕ್ಕೆ ಬಿಳಿ. ಕಂಪನಿಯೇ ಹೊಣೆ ಹೊತ್ತು ಮಾರುವ ಬೀಜಕ್ಕೆ ತಿಳಿ ಹಸಿರು ಚೀಟಿ. ಇದನ್ನು ಪ್ರಮಾಣನ ಸಂಸ್ಥೆ ಪರೀಕ್ಷಿಸಿರುವುದಿಲ್ಲ. ಹಸಿರೆಂದರೆ ಕೆಟ್ಟದ್ದೆಂದಲ್ಲ, ಖಾಸಗಿ ಹೈಬ್ರಿಡ್‌ಗಳಲ್ಲಿ ಹೆಚ್ಚಿನವು ಹಾಗೆಯೇ ಬರುತ್ತವೆ. ಯಾವುದಾದರೂ ಸರಿ, ತಳಿಯ ಹೆಸರು, ಲಾಟ್ ಸಂಖ್ಯೆ, ಮೊಳಕೆ ಶೇಕಡಾ, ಪರೀಕ್ಷೆಯ ದಿನಾಂಕ, ಬಳಸಬಹುದಾದ ಕೊನೆಯ ದಿನಾಂಕ ಇರಲೇಬೇಕು. ಬಿಲ್ಲಿನಲ್ಲಿ ಅದೇ ಲಾಟ್ ಸಂಖ್ಯೆ ಬರೆಸಬೇಕು. ಟ್ಯಾಗು, ಖಾಲಿ ಚೀಲ, ಬಿಲ್ಲು ಮೂರನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸುಗ್ಗಿಯವರೆಗೆ ಜಂತಿಗೆ ಸಿಕ್ಕಿಸಿಡಿ. ಒಂದು ಹಿಡಿ ಬೀಜವನ್ನೂ ಉಳಿಸಿಟ್ಟರೆ ಒಳ್ಳೆಯದು. ಉಳಿಸದೆ ಎಲ್ಲ ಬಿತ್ತಿದ್ದರೂ ನ್ಯಾಯ ತಪ್ಪುವುದಿಲ್ಲ. ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯೊಂದರಲ್ಲಿ 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಡುತ್ತ, ಬೀಜ ಕೊಂಡ ರೈತನೂ ಗ್ರಾಹಕನೇ, ಆತ ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಎಂದಿತು. ಪರೀಕ್ಷೆಗೆಂದು ರೈತ ಬೀಜ ಉಳಿಸಿಡಬೇಕೆಂದು ನಿರೀಕ್ಷಿಸಲಾಗದು ಎಂದೂ ಹೇಳಿತು.

ಬಿತ್ತುವುದಕ್ಕೆ ಹತ್ತು ಹನ್ನೆರಡು ದಿನ ಮೊದಲೇ ಬೀಜ ತಂದರೆ ಮೊಳಕೆ ನೋಡಲು ಬಿಡುವು ಸಿಗುತ್ತದೆ. ಚೀಲದ ಮೇಲೆ, ನಡುವೆ, ತಳದಲ್ಲಿ ಕೈ ಹಾಕಿ ಒಟ್ಟು ನೂರು ಕಾಳು ತೆಗೆಯಿರಿ. ಆರಿಸಬೇಡಿ, ಕೈಗೆ ಬಂದದ್ದೇ ಇರಲಿ. ಒದ್ದೆ ಮಾಡಿ ಹಿಂಡಿದ ಗೋಣಿತಟ್ಟಿನ ಮೇಲೆ ಹತ್ತರ ಸಾಲಿನಲ್ಲಿ ಜೋಡಿಸಿ ಚಾಪೆಯಂತೆ ಸುತ್ತಿ ನೆರಳಿನಲ್ಲಿಡಿ. ಒಣಗದಂತೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ಎಂಟು ಹತ್ತು ದಿನದಲ್ಲಿ ಬಿಚ್ಚಿ, ಬೇರು ಕುಡಿ ಎರಡೂ ಸರಿಯಾಗಿ ಬಂದವನ್ನು ಮಾತ್ರ ಎಣಿಸಿ. ಪ್ರಮಾಣಿತ ಬೀಜದಲ್ಲಿ ಭತ್ತಕ್ಕೆ 80, ರಾಗಿಗೆ 75, ತೊಗರಿಗೆ 75, ನೆಲಗಡಲೆ ಮತ್ತು ಸೋಯಾ ಅವರೆಗೆ 70, ಹೈಬ್ರಿಡ್ ಮುಸುಕಿನ ಜೋಳಕ್ಕೆ 90 ಮೊಳಕೆಯಾದರೂ ಇರಬೇಕು. ಒಂದೆರಡು ಕಡಿಮೆಯಾದರೆ ಬೀಜದ ಪ್ರಮಾಣ ಸ್ವಲ್ಪ ಹೆಚ್ಚಿಸಿ ಬಿತ್ತಿ. ಬಹಳ ಕಡಿಮೆಯಾದರೆ ಮೂಟೆ ಹೊತ್ತು ಅಂಗಡಿಗೆ ವಾಪಸು ಹೋಗಿ. ಬಿತ್ತಿದ ಮೇಲೆ ವಾದಿಸುವುದಕ್ಕಿಂತ ಅದು ಸುಲಭ. ನೆಲಗಡಲೆಯನ್ನು ಸುಲಿದ ಬೀಜವಾಗಿ ಕೊಳ್ಳದೆ ಕಾಯಿಯಾಗಿಯೇ ಕೊಂಡು ಬಿತ್ತನೆಗೆ ಸ್ವಲ್ಪ ಮುಂಚೆ ಸುಲಿಯುವುದು ಮೇಲು. ಸುಲಿದಿಟ್ಟ ಕಾಳಿನ ಮೊಳಕೆ ಶಕ್ತಿ ಬೇಗ ಕುಂದುತ್ತದೆ.

ರೈಜೋಬಿಯಂ, ಟ್ರೈಕೋಡರ್ಮ ಇತ್ಯಾದಿ ಜೈವಿಕ ಪುಡಿಗಳು ಜೀವ ಇರುವ ವಸ್ತು. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಅಥವಾ ತಗಡಿನ ಮಾಡಿನ ಕೆಳಗೆ ಬೇಸಗೆಯೆಲ್ಲ ಕಳೆದ ಪೊಟ್ಟಣದಲ್ಲಿ ಬರಿಯ ಪುಡಿ ಉಳಿದಿರುತ್ತದೆ. ದಿನಾಂಕ ನೋಡಿ, ಎಲ್ಲಿಟ್ಟಿದ್ದರೆಂದೂ ನೋಡಿ.

ಔಷಧಿಗೆ ಬಂದರೆ, ಅಂಗಡಿಯವರ ಬಾಯಿಂದ ಹೆಚ್ಚು ಸಲಹೆ ಬರುವುದು ಇಲ್ಲಿಯೇ. ಒಣಗಿದ ಎಲೆಯೊಂದನ್ನು ತೋರಿಸಿದರೆ ಮೂರು ಬಾಟಲಿ ಒಂದು ಪೊಟ್ಟಣ ಕೈಗೆ ಬರುತ್ತವೆ. ಕೀಟವೋ ರೋಗವೋ ಸತುವಿನ ಕೊರತೆಯೋ ಗೊತ್ತಾಗದಿದ್ದರೂ ಮೂರರಲ್ಲಿ ಒಂದು ತಗುಲಲಿ ಎಂಬ ಲೆಕ್ಕ. ಎಲ್ಲ ವ್ಯಾಪಾರಿಗಳೂ ಹೀಗಲ್ಲ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಆರಂಭಿಸಿದ ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾ ಓದಿದ ವ್ಯಾಪಾರಿಗಳು ಈಗ ಅನೇಕರಿದ್ದಾರೆ. ಅವರಲ್ಲಿ ಕೆಲವರು ನಮಗೇ ಹೊಲದ ಸುದ್ದಿ ತಿಳಿಸುವಷ್ಟು ಬಲ್ಲವರು. ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿರುತ್ತಾರೆ, ನೋಡಿ. ಆದರೂ ಸಾಧ್ಯವಾದರೆ ಮೊದಲು ರೋಗದ ಗಿಡವನ್ನು ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ತನ್ನಿ, ಇಲ್ಲವೆ 1800-180-1551ಕ್ಕೆ ದೂರವಾಣಿ ಮಾಡಿ. ಕಿಸಾನ್ ಕಾಲ್ ಸೆಂಟರಿನ ಈ ಕರೆಗೆ ಹಣವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಔಷಧಿಯ ಹೆಸರನ್ನು ಬರೆದುಕೊಂಡು ಆಮೇಲೆ ಅಂಗಡಿಗೆ ಹೋಗಿ. ಡಬ್ಬದ ಮೇಲಿನ ತ್ರಿಕೋನದ ಬಣ್ಣ ನೋಡುವುದನ್ನು ಮರೆಯಬೇಡಿ. ಕೆಂಪು ಅತ್ಯಂತ ವಿಷ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಸಾಧಾರಣ, ಹಸಿರು ಅಲ್ಪ. ಹಸಿರು ಕೂಡ ವಿಷವೇ. ಹಳೆಯ ಸಾರಾಯಿ ಬಾಟಲಿಗೆ ಸುರಿದು ಕೊಡುವ ಚಿಲ್ಲರೆ ಔಷಧಿಯನ್ನು ಎಷ್ಟೇ ಅಗ್ಗವಾದರೂ ಮನೆಗೆ ತರಬಾರದು.

ಉದ್ರಿಯ ಮಾತಿಗೆ ಮತ್ತೊಮ್ಮೆ ಬರಬೇಕು. ಬಿಲ್ಲು ಕೇಳಿ, ಲಾಟ್ ಸಂಖ್ಯೆ ಬರೆಸಿ, ಲಿಂಕ್ ಬೇಡವೆನ್ನಿ ಎಂದು ವೇದಿಕೆಯ ಮೇಲಿಂದ ಹೇಳುವುದು ಸುಲಭ. ಕೈಯಲ್ಲಿ ಕಾಸಿಲ್ಲದೆ ಅಂಗಡಿಯಲ್ಲಿ ಸಾಲ ಕೇಳುವವನಿಗೆ ದನಿ ಎತ್ತಲು ಆಗುವುದಿಲ್ಲ. ಎಷ್ಟೋ ಊರುಗಳಲ್ಲಿ ಗೊಬ್ಬರ ಕೊಟ್ಟವರೇ ಮುಂದೆ ಬೆಳೆಯನ್ನೂ ಅಳೆದುಕೊಳ್ಳುವವರು. ಆದುದರಿಂದ ಅಂಗಡಿಯ ಕೆಲಸ ಶುರುವಾಗುವುದು ಅಂಗಡಿಯಲ್ಲಲ್ಲ, ನಿಮ್ಮ ಸಹಕಾರ ಸಂಘದಲ್ಲಿ. ನಮ್ಮ ರಾಜ್ಯದಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಮೂಲಕ ಕೊಡುವ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ವಾಯಿದೆಯೊಳಗೆ ಕಟ್ಟುವವರಿಗೆ ಇದು ಅನ್ವಯಿಸುತ್ತದೆ. ಸಂಘದಲ್ಲಿ ಸದಸ್ಯರಾಗಿಲ್ಲದವರು, ಪಹಣಿಯಲ್ಲಿ ಹೆಸರು ತಿದ್ದಿಸಿಕೊಳ್ಳದವರು ಈ ಬೇಸಗೆಯಲ್ಲಿಯೇ ಓಡಾಡಬೇಕು, ಬಿತ್ತನೆಯ ವಾರದಲ್ಲಲ್ಲ. ಬಹಳಷ್ಟು ಸಂಘಗಳು ತಾವೇ ಗೊಬ್ಬರ ಮಾರುತ್ತವೆ. ನಿಮ್ಮ ಸಂಘ ಮಾರುತ್ತಿಲ್ಲವಾದರೆ ವಾರ್ಷಿಕ ಸಭೆಯಲ್ಲಿ ಏಕೆಂದು ಕೇಳಿ.

ಕಿಸಾನ್ ಸಮೃದ್ಧಿ ಕೇಂದ್ರದಲ್ಲಿ ಬಾಡಿಗೆ ಯಂತ್ರ, ಡ್ರೋನ್ ಸಿಂಪಡಣೆ ಇವೆಯಲ್ಲ ಎಂದು ಯುವಕರು ಕೇಳುತ್ತಾರೆ. ಯೋಜನೆಯಲ್ಲಿ ಇವೆ, ಎಲ್ಲ ಕೇಂದ್ರಗಳಲ್ಲಿ ಎಲ್ಲವೂ ಇಲ್ಲ. ಜಿಲ್ಲಾ ಮಟ್ಟದ ಕೇಂದ್ರದಲ್ಲಿ ಸಿಗುವುದು ಹಳ್ಳಿಯ ಕೇಂದ್ರದಲ್ಲಿ ಸಿಗಲಾರದು. ಬಾಡಿಗೆ ಯಂತ್ರಕ್ಕೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದ ದರವನ್ನೂ ವಿಚಾರಿಸಿ ಹೋಲಿಸಿ ನೋಡಿ.

ದೂರು ಕೊಡುವ ಸಂದರ್ಭ ಬಂದರೆ ಮೊದಲು ಹೋಬಳಿಯ ಕೃಷಿ ಅಧಿಕಾರಿಗೆ ಬರಹದಲ್ಲಿ ಕೊಡಿ, ಒಂದು ಪ್ರತಿಯ ಮೇಲೆ ಸ್ವೀಕೃತಿ ರುಜು ಪಡೆಯಿರಿ. ಬೀಜದ ದೂರಾದರೆ ಪೈರು ಹೊಲದಲ್ಲಿರುವಾಗಲೇ ಕೊಡಬೇಕು. ಉತ್ತು ಬೇರೆ ಬೆಳೆ ಹಾಕಿದ ಮೇಲೆ ಬಂದರೆ ನಾವು ಏನು ನೋಡಿ ವರದಿ ಬರೆಯೋಣ? ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಕೊಂಡ ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ. ವಿಸ್ತರಣಾ ಕಾರ್ಯಕರ್ತರಿಗೂ ಒಂದು ಮಾತು. ರೈತ ದೂರು ತಂದಾಗ ‘ಹೋಗಲಿ ಬಿಡಿ, ಮುಂದಿನ ಸಲ ನೋಡೋಣ’ ಎಂದು ನಾವು ಎಷ್ಟು ಸಾರಿ ಹೇಳಿಲ್ಲ? ಆ ವ್ಯಾಪಾರಿ ನಮಗೂ ಪರಿಚಿತ, ತಾಲ್ಲೂಕು ಚಿಕ್ಕದು, ನಾಳೆ ಮುಖ ನೋಡಬೇಕು. ನನ್ನಿಂದಲೂ ಇಂಥ ತಪ್ಪು ಆಗಿದೆ. ಮುಸುಕಿನ ಜೋಳದ ಆ ರೈತರನ್ನು ಬರಿಗೈಯಲ್ಲಿ ಕಳುಹಿಸಿದವರಲ್ಲಿ ನಾನೂ ಒಬ್ಬ. ಅಂದು ಎದ್ದು ಹೋಗಿ ಹೊಲ ನೋಡಿ ಒಂದು ವರದಿಯನ್ನಾದರೂ ಬರೆದುಕೊಡಬಹುದಿತ್ತು.

ಕೊನೆಗೆ ಮಣ್ಣು ಪರೀಕ್ಷೆ. ಗೊಬ್ಬರದ ಅಂಗಡಿಗೆ ಹೋಗುವ ಮುನ್ನ ಕೈಯಲ್ಲಿರಬೇಕಾದ ಪಟ್ಟಿ ಅಂಗಡಿಯವರು ಬರೆದದ್ದಲ್ಲ, ನಿಮ್ಮ ಮಣ್ಣು ಬರೆದದ್ದು. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ; ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್; ರಸಸಾರ, ಲವಣಾಂಶ, ಸಾವಯವ ಇಂಗಾಲ. ಸತು ಸಾಕಷ್ಟಿದೆ ಎಂದು ಚೀಟಿ ಹೇಳಿದರೆ ಲಿಂಕಿನಲ್ಲಿ ಬರುವ ಸತುವಿನ ಪೊಟ್ಟಣ ನಿಮಗೆ ಏತಕ್ಕೆ? ಆದರೆ ಮಾದರಿ ತಪ್ಪಾಗಿ ತೆಗೆದರೆ ಚೀಟಿಯೂ ತಪ್ಪೇ ಹೇಳುತ್ತದೆ. ತಿಪ್ಪೆಯ ಪಕ್ಕ, ಮರದ ನೆರಳು, ಬದುವಿನ ಅಂಚು, ನೀರಿನ ಕಾಲುವೆ ಇವುಗಳ ಹತ್ತಿರ ತೆಗೆಯಬಾರದು. ಎಕರೆಗೆ ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, ಅರ್ಧ ಅಡಿ ಆಳಕ್ಕೆ ಇಂಗ್ಲಿಷಿನ ‘ವಿ’ ಆಕಾರದ ಗುಣಿ ತೋಡಿ, ಗುಣಿಯ ಪಕ್ಕದಿಂದ ಮೇಲಿಂದ ಕೆಳಗಿನವರೆಗೆ ಒಂದು ಅಂಗುಲ ದಪ್ಪ ಮಣ್ಣು ಕೆರೆಯಬೇಕು. ಎಲ್ಲವನ್ನೂ ಬೆರೆಸಿ ಹರಡಿ, ನಾಲ್ಕು ಭಾಗ ಮಾಡಿ ಎದುರು ಬದುರಿನ ಎರಡು ಭಾಗ ತೆಗೆದುಹಾಕುತ್ತ ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮಾಡುವುದು. ಗೊಬ್ಬರದ ಖಾಲಿ ಚೀಲದಲ್ಲಿ ತುಂಬಿ ತರಬಾರದು. ಅದರಲ್ಲಿ ಅಂಟಿಕೊಂಡ ಕಾಳು ಪರೀಕ್ಷೆಯನ್ನೇ ಕೆಡಿಸುತ್ತದೆ. ಬಟ್ಟೆಯ ಚೀಲ ಸಾಕು, ಒಳಗೊಂದು ಚೀಟಿಯಲ್ಲಿ ಹೆಸರು, ಸರ್ವೆ ನಂಬರು, ಹಿಂದಿನ ಬೆಳೆ, ಮುಂದೆ ಹಾಕುವ ಬೆಳೆ ಬರೆದಿರಲಿ.

ಬಾಯಲ್ಲಿ ಹೇಳಿದರೆ ಇದು ಅರ್ಧ ಮಾತ್ರ ಗೊತ್ತಾಗುತ್ತದೆ. ಈ ಕಟ್ಟಡದ ಹಿಂದಿನ ತಾಕಿನಲ್ಲಿ ಗುದ್ದಲಿ, ಬಕೆಟ್ಟು, ಬಟ್ಟೆ ಚೀಲ ಇಡಿಸಿದ್ದೇನೆ. ಬಿಸಿಲು ಏರುವುದರೊಳಗೆ ಅಲ್ಲಿಗೆ ಹೋಗೋಣ, ಬನ್ನಿ.